ಬಾಪ್ಪು ಹಿಡಿದ ಸೈತಾನ

ನಮ್ಮ ಬಾಪ್ಪು ಸೈತಾನನನ್ನು ಕೈಯಾರೆ ಹಿಡಿದವರು. ಅದಕ್ಕಾಗಿ ಅವರು ಉಪವಾಸ ಮಾಡಲಿಲ್ಲ, ಮೊಣಕಾಲೂರಿ ರಾತ್ರಿಯಿಡೀ ಪ್ರಾರ್ಥಿಸಲಿಲ್ಲ, ಮಂತ್ರವಾದಿಯ ಮನೆಗೂ ಹೋಗಲಿಲ್ಲ. ಒಂದು ಡಿಸೆಂಬರಿನ ಬೆಳಗ್ಗೆ ಹತ್ತೂವರೆಗೆ, ಶಂಕರಪುರದ ತಮ್ಮ ಮನೆಯ ಜಗಲಿಯಲ್ಲಿ ಚಾ ಕುಡಿಯುತ್ತಾ, ನಾನು ಕಾರ್ಕಳದಿಂದ ತಂದುಕೊಟ್ಟ ಕೇಕಿನ ಪೆಟ್ಟಿಗೆಯ ಮೇಲೆ ಅವನನ್ನು ಹಿಡಿದರು. ಕೇಕನ್ನು ಯಾರೂ ಇನ್ನೂ ಮುಟ್ಟಿರಲಿಲ್ಲ.

ಬಾಪ್ಪು ಎಂದರೆ ಕೊಂಕಣಿ ಮಾತಾಡುವ ನಮ್ಮ ಕ್ರಿಸ್ತಾನರ ಮನೆಗಳಲ್ಲಿ ಅಪ್ಪನ ತಮ್ಮ. ಅವರ ಹೆಂಡತಿ ನನಗೆ ಮಾವ್ಶಿ. ಬಾಪ್ಪುವಿನ ಹೆಸರನ್ನು ನಾನು ಹೇಳುವುದಿಲ್ಲ. ಊರಿನವರೆಲ್ಲರ ಹೆಸರನ್ನು ಪರೀಕ್ಷೆಗೆ ಒಡ್ಡಿದ ಅವರು ತಮ್ಮ ಹೆಸರೊಂದನ್ನು ಇದುವರೆಗೆ ಮುಟ್ಟಿಲ್ಲ. ಇಲ್ಲಿ ಅಚ್ಚಿನಲ್ಲಿ ಕಂಡರೆ ಸುಮ್ಮನಿರುತ್ತಾರೆಯೇ? ಅಕ್ಷರಗಳನ್ನು ಕಲಸಿ, ಒಳಗೆ ಎಂತದ್ದೋ ಸಿಕ್ಕಿತೆಂದು ಒಂದು ವಾರ ಊಟ ಬಿಟ್ಟಾರು. ಆ ಪಾಪ ನನಗೆ ಬೇಡ.

ಅವರ ಈ ಹುಚ್ಚಿಗೆ ಒಂದು ಹಿನ್ನೆಲೆಯೂ ಉಂಟು. ಬಾಪ್ಪು ಮೂವತ್ತು ವರ್ಷ ಉಡುಪಿಯ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಸೀಸದ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಒಂದೊಂದೇ ಅಕ್ಷರವನ್ನು ಹೆಕ್ಕಿ, ತಿರುಗಿದ್ದನ್ನು ತಿರುಗಿದ ಹಾಗೆಯೇ ಓದಿ ಸಾಲು ಮಾಡಬೇಕು. ಹೀಗೆ ಮೂವತ್ತು ವರ್ಷ ದುಡಿದವರಿಗೆ ಯಾವ ಪದವೂ ನೆಟ್ಟಗೆ ಕಾಣುವುದಿಲ್ಲ. ಬಸ್ಸಿನ ಬೋರ್ಡನ್ನು ಬಲದಿಂದ ಎಡಕ್ಕೆ ಓದಿ ಬಸ್ಸು ತಪ್ಪಿಸಿಕೊಂಡವರು ಅವರು.

ಆ ವರ್ಷ ಅವರ ಎರಡೂ ಕಣ್ಣಿನ ಪೊರೆ ತೆಗೆಸಿದ್ದೆವು. ಹೊಸ ಕಣ್ಣು ಬಂದ ಮೇಲೆ ಅವರು ಮನೆಯಲ್ಲಿದ್ದ ಅಕ್ಷರಗಳನ್ನೆಲ್ಲ ಹೊಸದಾಗಿ ಓದತೊಡಗಿದರು. ಔಷಧದ ಬಾಟಲಿ, ಸೋಪಿನ ಹೊದಿಕೆ, ಕ್ಯಾಲೆಂಡರಿನ ಅಡಿಯ ಸಣ್ಣ ಸಾಲು. ಹಾಗೆ ಓದುತ್ತಾ ಓದುತ್ತಾ ಕೇಕಿನ ಪೆಟ್ಟಿಗೆಗೆ ಬಂದರು. ಅದರ ಮೇಲೆ ಕೆಂಪು ಅಂಗಿಯ, ಬಿಳಿ ಗಡ್ಡದ ಕ್ರಿಸ್ಮಸ್ ಅಜ್ಜ ನಗುತ್ತಿದ್ದ. ಕೆಳಗೆ ಇಂಗ್ಲಿಷಿನಲ್ಲಿ ‘ಸಾಂಟಾ’ ಎಂದು ಬರೆದಿತ್ತು.

“ಬಾಯೆ, ಇಲ್ಲಿ ಬಾ,” ಎಂದರು. ಐವತ್ತು ದಾಟಿದರೂ ನಾನು ಅವರಿಗೆ ಬಾಯ್, ಅಂದರೆ ಸಣ್ಣ ಹುಡುಗಿ. “ಎಸ್, ಎ, ಎನ್, ಟಿ, ಎ. ಸರಿಯಾ?”

“ಸರಿ.”

“ನಡುವಿನ ಎನ್ ಅನ್ನು ಎತ್ತು. ಕೊನೆಗೆ ಇಡು. ಈಗ ಓದು.”

ಓದಿದೆ. ಎಸ್, ಎ, ಟಿ, ಎ, ಎನ್. ಸೇಟನ್. ಸೈತಾನ. ನನಗೆ ನಗು ಬಂತು. ಅವರಿಗೆ ಬರಲಿಲ್ಲ.

“ಇಷ್ಟು ವರ್ಷ ನಾವು ಯಾರನ್ನು ಮನೆಯೊಳಗೆ ಕರೆದದ್ದು ಅಂತ ಈಗ ಗೊತ್ತಾಯ್ತಲ್ಲ?” ಎಂದರು ಮೆಲ್ಲಗೆ, ಪೆಟ್ಟಿಗೆಯನ್ನು ಮಗುಚಿ ಹಾಕುತ್ತಾ.

ಒಳಗೆ ಮಾವ್ಶಿ ಹಬ್ಬಕ್ಕೆ ಕಿಡಿಯೊ ಕರಿಯುತ್ತಿದ್ದರು. ಕ್ರಿಸ್ಮಸ್ಸಿಗೆ ನಮ್ಮಲ್ಲಿ ಮಾಡುವ ತಿಂಡಿಗಳಲ್ಲಿ ಅದೂ ಒಂದು. ಸುರುಳಿ ಸುರುಳಿಯಾಗಿ, ಸಕ್ಕರೆ ಪಾಕ ಹಚ್ಚಿಕೊಂಡು ಗರಿಗರಿ ಇರುತ್ತದೆ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು. ಮಾವ್ಶಿ ಜಾಲರಿ ಸೌಟನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದರು.

“ಹೆಸರು ನೋಡಿ ಬಿಡುವುದಾದರೆ ಮೊದಲು ಹುಳ ತಿನ್ನುವುದನ್ನು ಬಿಡಿ. ನಿನ್ನೆಯಿಂದ ಅರ್ಧ ಡಬ್ಬ ಖಾಲಿ ಆಗಿದೆ,” ಎಂದರು.

ಬಾಪ್ಪು ಸ್ವಲ್ಪ ಯೋಚಿಸಿ ಹೇಳಿದರು. “ಅದರಲ್ಲಿ ಗುಟ್ಟಿಲ್ಲ. ಹುಳ ಅಂತ ಹೇಳಿಕೊಂಡೇ ಬರ್ತದೆ. ಪ್ರಾಮಾಣಿಕ ತಿಂಡಿ ಅದು.” ಮತ್ತೆ ಒಂದು ಹಿಡಿ ತೆಗೆದುಕೊಂಡರು.

ಮಾವ್ಶಿ ಇದಕ್ಕೆಲ್ಲ ಹೊಸಬರಲ್ಲ. ನನ್ನ ಮಗಳು ಹುಟ್ಟಿದಾಗ ಲೀನಾ ಎಂದು ಹೆಸರಿಡುವುದೆಂದು ತೀರ್ಮಾನವಾಗಿತ್ತು. ಬಾಪ್ಪು ಆಸ್ಪತ್ರೆಗೆ ಬಂದವರು ಮಗುವಿನ ಮುಖ ನೋಡುವ ಮೊದಲು ಹೆಸರು ನೋಡಿದರು. ಇಂಗ್ಲಿಷಿನಲ್ಲಿ ಎಲ್, ಐ, ಎನ್, ಎ. ಹಿಂದಿನಿಂದ ಓದಿದರೆ ಅನಿಲ್, ಗಂಡಿನ ಹೆಸರು. ಕಲಸಿ ಓದಿದರೆ ನೇಲ್, ಅಂದರೆ ಮೊಳೆ. “ನಮ್ಮ ದೇವರನ್ನು ಶಿಲುಬೆಗೆ ಹೊಡೆದದ್ದು ಯಾವುದರಿಂದ? ಮೊಳೆಯಿಂದ. ಅದನ್ನು ಮಗುವಿಗೆ ಇಡುವುದಾ?” ಎಂದು ಕೇಳಿದರು. ನಾನು ಹೆದರಿದೆ, ಹೆತ್ತ ಮೂರನೆಯ ದಿನ ಯಾರು ಏನು ಹೇಳಿದರೂ ಹೆದರಿಕೆಯಾಗುತ್ತದೆ. ಆಗ ಮಾವ್ಶಿ ಮಗುವನ್ನು ಎತ್ತಿಕೊಂಡು, “ಇಷ್ಟು ವರ್ಷ ನಮ್ಮ ಮನೆಯಲ್ಲಿ ಅನ್ನ ಬೆಂದದ್ದು ಯಾವುದರಿಂದ? ಅದೂ ಮೊಳೆಯಿಂದಲೇ ಅಲ್ವಾ?” ಎಂದರು. ಮಗಳು ಲೀನಾ ಆದಳು.

ಆದರೆ ಈ ಸಲ ಮಾವ್ಶಿಯ ಮಾತೂ ನಾಟಲಿಲ್ಲ. ಸೈತಾನನ ವಿರುದ್ಧ ಸಾಕ್ಷ್ಯ ದಿನದಿನಕ್ಕೂ ಬೆಳೆಯಿತು. ಸಾಂಟಾನ ಪೂರ್ಣ ಹೆಸರಿನಲ್ಲಿರುವ ‘ಕ್ಲಾಸ್’ ಇಂಗ್ಲಿಷಿನವರ ಬಾಯಲ್ಲಿ ಪಂಜದ ಉಗುರು ಎಂದೇ ಕೇಳಿಸುತ್ತದಂತೆ. ಅಂಗಿ ಏಕೆ ಕೆಂಪು? ನರಕದ ಬೆಂಕಿಗೆ ಹೊಂದುತ್ತದೆ. ಎಲ್ಲಕ್ಕಿಂತ ದೊಡ್ಡ ಸಂಶಯವೆಂದರೆ ಬಾಗಿಲಿರುವ ಮನೆಗೆ ಅವನು ಹೊಗೆ ಹೋಗುವ ಚಿಮಣಿಯಿಂದ ಬರುತ್ತಾನೆ. ಮರ್ಯಾದಸ್ಥರು ಯಾರಾದರೂ ಹಾಗೆ ಬರುತ್ತಾರೆಯೇ?

“ನಮ್ಮ ಮನೆಯಲ್ಲಿ ಚಿಮಣಿ ಎಲ್ಲುಂಟು ಬಾಪ್ಪು? ಗ್ಯಾಸ್ ಒಲೆ ಅಲ್ವಾ?” ಎಂದೆ.

“ನಂದಿಕೂರಿನ ಕರೆಂಟಿನ ಕಾರ್ಖಾನೆಯಲ್ಲಿ ಉಂಟಲ್ಲ, ಆಕಾಶದೆತ್ತರದ್ದು? ಅಲ್ಲಿ ಇಳಿದರೆ ಇಲ್ಲಿಗೆ ಎಷ್ಟು ದೂರ?”

ನಾನು ಚಾ ಲೋಟ ಎತ್ತಿಕೊಂಡು ಒಳಗೆ ಹೋದೆ. ಬಸ್ಸಿನ ಸಮಯ ಹೇಳಿದರೆ ಅದನ್ನೂ ಸಾಕ್ಷ್ಯಕ್ಕೆ ಸೇರಿಸುತ್ತಿದ್ದರು.

ಮರುದಿನ ಅವರು ಇಗರ್ಜಿಯ ಫಾದರ್ ಬಳಿಗೆ ಹೋದರು. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಮಿಠಾಯಿ ಹಂಚುವ ಅಜ್ಜನನ್ನು ಈ ವರ್ಷ ರದ್ದು ಮಾಡಬೇಕೆಂಬುದು ಬೇಡಿಕೆ. ಜೊತೆಗೆ ಹೋಗಿ ಮಾನ ಕಾಪಾಡು ಎಂದು ಮಾವ್ಶಿ ನನ್ನನ್ನೂ ಕಳುಹಿಸಿದರು. ಫಾದರ್ ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆ ದೊಡ್ಡದು. ಬಾಪ್ಪು ಕಾಗದದಲ್ಲಿ ಬರೆದು ತಂದಿದ್ದ ಐದು ಅಕ್ಷರಗಳನ್ನು ನೋಡಿದರು. ಎನ್ ಅನ್ನು ಎತ್ತಿ ಕೊನೆಗಿಡುವ ಬಾಣದ ಗುರುತನ್ನೂ ನೋಡಿದರು. ಆಮೇಲೆ ಅದೇ ಕಾಗದದಲ್ಲಿ ಇಂಗ್ಲಿಷಿನಲ್ಲಿ ‘ಗಾಡ್’ ಎಂದು ಬರೆದು ಬಾಪ್ಪುವಿನ ಕಡೆಗೆ ತಿರುಗಿಸಿದರು.

“ಇದನ್ನು ಹಿಂದಿನಿಂದ ಓದಿ ಅಂಕಲ್,” ಎಂದರು.

ಬಾಪ್ಪು ಓದಿದರು. ಡಿ, ಒ, ಜಿ. ನಾಯಿ. ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡರು. ಮೂರು ದಿನ ಅದನ್ನು ಮತ್ತೆ ಮತ್ತೆ ಬಿಡಿಸಿ ನೋಡಿದರು. ನಾಲ್ಕನೆಯ ದಿನ, “ಅದು ಇಂಗ್ಲಿಷಿನವರ ತೊಂದರೆ. ನಮಗೆ ಅವನು ದೇವ್,” ಎಂದು ತೀರ್ಪು ಕೊಟ್ಟು ಚೇತರಿಸಿಕೊಂಡರು. ಆದರೆ ಮನೆಯ ನಾಯಿಗೆ ಅಂದಿನಿಂದ ಒಳ್ಳೆಯ ಕಾಲ ಬಂತು. ಅದಕ್ಕೆ ಬಯ್ಯುವುದು ನಿಂತಿತು. ಮೀನಿನ ತಲೆ ಎರಡಾಯಿತು. ಯಾವುದಕ್ಕೂ ಇರಲಿ, ಸುಮ್ಮನೆ ಅಪಾಯ ಏಕೆ ಎಂದು ಬಾಪ್ಪು ಯೋಚಿಸಿದಂತಿತ್ತು.

ಅದೇ ವಾರ ಅವರನ್ನು ಕಣ್ಣು ತೋರಿಸಲು ಮಣಿಪಾಲಕ್ಕೆ ಕರೆದುಕೊಂಡು ಹೋದೆ. ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳ ಪಟ್ಟಿ ಇರುತ್ತದಲ್ಲ, ಅದರ ಎದುರು ಕೂರಿಸಿದರು. ಪರೀಕ್ಷೆ ಮಾಡುವ ಹುಡುಗಿ ಕಡ್ಡಿಯಿಂದ ತೋರಿಸಿ, “ಈ ಸಾಲು ಓದಿ ಅಂಕಲ್,” ಎಂದಳು. ಬಾಪ್ಪು ಓದಲಿಲ್ಲ, ಮುಂದಕ್ಕೆ ಬಾಗಿದರು. “ಇದನ್ನು ಯಾರು ಜೋಡಿಸಿದ್ದು?” ಎಂದು ಕೇಳಿದರು. ಗೊತ್ತಿಲ್ಲ ಎಂದಳು. “ನಾಲ್ಕನೆಯ ಸಾಲಿನಲ್ಲಿ ಎಂತದ್ದೋ ಉಂಟು. ಎರಡು ಅಕ್ಷರ ಆಚೀಚೆ ಮಾಡಿದರೆ ಹೊರಗೆ ಬರ್ತದೆ,” ಎಂದು ಬೆರಳಿನಲ್ಲಿ ಗಾಳಿಯಲ್ಲೇ ಬರೆಯತೊಡಗಿದರು. ಹೊರಗೆ ಹನ್ನೆರಡು ಮಂದಿ ಕಾಯುತ್ತಿದ್ದರು.

ಹುಡುಗಿ ಚೀಟಿ ಬರೆದು ನನ್ನ ಕೈಗೆ ಕೊಟ್ಟಳು. “ಕಣ್ಣು ತುಂಬಾ ಚೆನ್ನಾಗುಂಟು ಮೇಡಂ. ಇಲ್ಲದ್ದು ಕೂಡ ಕಾಣ್ತದೆ.”

ಅಲ್ಲಿಂದ ಹೊರಗೆ ಬಂದು ಬಸ್ಸಿಗೆಂದು ನಡೆಯುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ಒಂದು ದೊಡ್ಡ ಬಟ್ಟೆ ಅಂಗಡಿಯ ಎದುರು ಹತ್ತಿಯ ಹಿಮ ಹರಡಿ, ಪ್ಲಾಸ್ಟಿಕ್ಕಿನ ಮರ ನಿಲ್ಲಿಸಿದ್ದರು. ಮರದ ಪಕ್ಕದಲ್ಲಿ ಕೆಂಪು ಉಡುಪಿನ ಜೀವಂತ ಸಾಂಟಾ ನಿಂತು ಗಂಟೆ ಆಡಿಸುತ್ತಾ ಮಕ್ಕಳಿಗೆ ಟಾಫಿ ಕೊಡುತ್ತಿದ್ದ. ಬಾಪ್ಪುವಿನ ಕೈ ಹಿಡಿಯಲು ನೋಡಿದೆ. ಅವರಾಗಲೇ ಸಾಂಟಾನನ್ನು ದಾಟಿ, ಗಾಜಿನ ಬಾಗಿಲು ತಳ್ಳಿ ಒಳಗೆ ಮ್ಯಾನೇಜರನ ಮೇಜಿನ ಮುಂದೆ ಇದ್ದರು.

ಮ್ಯಾನೇಜರ್ ಪಾಪದ ಯುವಕ. ಮದುವೆ ಸೀರೆ ಕೇಳಲು ಬಂದವರೆಂದು ಕುರ್ಚಿ ಕೊಟ್ಟ. ಬಾಪ್ಪು ಕೂತು, ಕಿಸೆಯಿಂದ ಕಾಗದ ತೆಗೆದು, ಎನ್ ಅನ್ನು ಎತ್ತಿ ಕೊನೆಗಿಟ್ಟು ತೋರಿಸಿದರು. “ನಾನು ಕ್ರಿಸ್ತಾನ. ನನ್ನ ಹಬ್ಬದ ಹೆಸರಿನಲ್ಲಿ ನೀವು ಅಂಗಡಿ ಎದುರು ಇವನನ್ನು ನಿಲ್ಲಿಸಿದ್ದೀರಿ. ನನಗೆ ಬೇಸರ ಉಂಟು,” ಎಂದರು. ಸ್ವರ ಏರಿಸಲಿಲ್ಲ. ಅದಕ್ಕೇ ಇರಬೇಕು, ಆ ಯುವಕ ಬೆವರಿದ. ಈಗಿನ ಕಾಲದಲ್ಲಿ ಧರ್ಮದ ವಿಷಯವಾಗಿ ಬೇಸರ ಉಂಟು ಎಂದರೆ ಅಂಗಡಿಯವರಿಗೆ ಅದಕ್ಕಿಂತ ಹೆಚ್ಚಿನ ಬೆದರಿಕೆ ಬೇಕೆ?

“ಗಲಾಟೆ ಬೇಡ ಅಂಕಲ್. ನಾಳೆಯಿಂದ ಬರುವುದು ಬೇಡ ಅಂತ ಅವನಿಗೆ ಹೇಳ್ತೇನೆ,” ಎಂದ.

ಬಾಪ್ಪು ಎದ್ದು ನಿಂತರು. ಹೆಂಡತಿ ಒಪ್ಪದ, ಫಾದರ್ ಒಪ್ಪದ ಮಾತನ್ನು ಕೊನೆಗೆ ಒಬ್ಬನಾದರೂ ಒಪ್ಪಿದ್ದ. ಹೊರಗೆ ಬರುವಾಗ ಅವರ ನಡಿಗೆಯೇ ಬೇರೆ. ನೇರ ಸಾಂಟಾನ ಎದುರಿಗೆ ಹೋಗಿ ನಿಂತರು. ಸೋತವನ ಮುಖ ನೋಡುವ ಆಸೆಯೋ ಏನೋ. ಸಾಂಟಾ ಏನೂ ತಿಳಿಯದೆ ಗಂಟೆ ಆಡಿಸಿ, ಚೀಲಕ್ಕೆ ಕೈ ಹಾಕಿ ಅವರಿಗೂ ಒಂದು ಟಾಫಿ ಚಾಚಿದ.

ಬಾಪ್ಪು ಟಾಫಿ ತೆಗೆದುಕೊಳ್ಳಲಿಲ್ಲ. ಆ ಕೈಯನ್ನು ನೋಡಿದರು. ಬಲಗೈಯ ತೋರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ಅವರು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು.

“ಸಂಜೀವ,” ಎಂದರು.

ಗಂಟೆ ನಿಂತಿತು. ಹತ್ತಿಯ ಗಡ್ಡದ ಮೇಲಿನ ಎರಡು ಕಣ್ಣುಗಳು ಬಾಪ್ಪುವಿನ ಮುಖದಲ್ಲಿ ಗುರುತು ಹುಡುಕಿದವು. “ಪೊರ್ಬುಲೆ,” ಎಂದಿತು ಒಳಗಿನ ಸ್ವರ. ತುಳು ಮಾತಾಡುವವರು ನಮ್ಮವರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

ಅವರು ಕಾಪುವಿನ ಸಂಜೀವಣ್ಣ. ಬಾಪ್ಪು ಮೊಳೆ ಜೋಡಿಸುತ್ತಿದ್ದ ಮುದ್ರಣಾಲಯದಲ್ಲೇ ಮೆಷಿನ್ ನಡೆಸುತ್ತಿದ್ದವರು. ಕಂಪ್ಯೂಟರ್ ಬಂದು ಮೊಳೆಗಳನ್ನೆಲ್ಲ ತೂಕಕ್ಕೆ ಹಾಕಿದ ಮೇಲೆ ಬಾಪ್ಪು ಶಂಕರಪುರದ ಮಲ್ಲಿಗೆ ಗಿಡಗಳ ನಡುವೆ ಬಂದು ಕೂತರು. ಸಂಜೀವಣ್ಣ ಮುಂಬೈಗೆ ಹೋದರು. ಮತ್ತೆ ಅವರ ಸುದ್ದಿಯೇ ಇರಲಿಲ್ಲ. ಈಗ ಕಾಪುವಿನಲ್ಲಿ ಮಗಳ ಮನೆಯಲ್ಲಿದ್ದಾರಂತೆ. ಮಳೆಗಾಲ ಮುಗಿದ ಮೇಲೆ ಸಿಕ್ಕಿದ ಮೊದಲ ಕೆಲಸ ಇದಂತೆ. ಮನೆಯವರಿಗೆ ‘ಅಂಗಡಿಯಲ್ಲಿ ಕೆಲಸ’ ಎಂದಷ್ಟೇ ಹೇಳಿದ್ದಾರೆ. ವೇಷದ ವಿಷಯ ಹೇಳಿಲ್ಲ.

“ನೀವು ಹೇಗೆ ಇಲ್ಲಿ?” ಎಂದು ಅವರು ಕೇಳಿದರು.

ಬಾಪ್ಪು ನನ್ನ ಮುಖ ನೋಡಿದರು. ಅಷ್ಟು ಅಸಹಾಯಕರಾಗಿ ಅವರು ನನ್ನನ್ನು ನೋಡಿದ್ದು ಅದೇ ಮೊದಲು. “ಬಂದೆ, ಒಂದು ನಿಮಿಷ,” ಎಂದು ಸಂಜೀವಣ್ಣನಿಗೆ ಹೇಳಿ ಮತ್ತೆ ಗಾಜಿನ ಬಾಗಿಲು ತಳ್ಳಿದರು. ನಾನು ಹಿಂದೆ ಓಡಿದೆ.

“ಆ ಮನುಷ್ಯನನ್ನು ತೆಗೆಯಬೇಡಿ,” ಎಂದರು ಬಾಪ್ಪು.

ಮ್ಯಾನೇಜರ್ ಕಣ್ಣು ಮಿಟುಕಿಸಿದ. “ಐದು ನಿಮಿಷ ಮೊದಲು ನೀವೇ ಸೈತಾನ ಅಂದದ್ದಲ್ವಾ?”

“ಅದು ಫಸ್ಟ್ ಪ್ರೂಫ್. ಫಸ್ಟ್ ಪ್ರೂಫಿನಲ್ಲಿ ತಪ್ಪು ಇರ್ತದೆ. ಈಗ ಹೇಳುವುದು ಫೈನಲ್.” ಅದೇ ಕಾಗದವನ್ನು ಮತ್ತೆ ಬಿಡಿಸಿ, ಪೆನ್ನು ಕೇಳಿ ತೆಗೆದುಕೊಂಡು, ಎನ್ ಅನ್ನು ಅದರ ಮೊದಲಿನ ಜಾಗಕ್ಕೆ ತಂದರು. “ಇದನ್ನು ಇಂಗ್ಲಿಷಿನಲ್ಲಿ ಓದಿದ್ದೇ ತಪ್ಪು. ಕನ್ನಡದಲ್ಲಿ ಓದಿ. ಎಂತ ಆಯ್ತು?”

ಯುವಕ ಓದಿದ. “ಸಂತ.”

“ಸಂತ ಅಂದರೆ?”

“ದೊಡ್ಡ ಸಾಧು ಅಂಕಲ್.”

“ಅಷ್ಟೇ. ಅವರನ್ನು ಹಬ್ಬ ಮುಗಿಯುವವರೆಗೆ ಇಟ್ಟುಕೊಳ್ಳಿ. ಮತ್ತೆ ಅವರಿಗೆ ಒಂದು ಕುರ್ಚಿ ಕೊಡಿ.”

ಕುರ್ಚಿಯ ಮೇಲೆ ಸಾಂಟಾ ಕೂತರೆ ಚೆನ್ನಾಗಿ ಕಾಣುವುದಿಲ್ಲ ಎಂದು ಮ್ಯಾನೇಜರ್ ಹೇಳಿದ. ಆದರೆ ಕೆಲಸದಿಂದ ತೆಗೆಯುವುದಿಲ್ಲವೆಂದು ಒಪ್ಪಿದ. ನಾವು ಹೋದರೆ ಸಾಕಾಗಿತ್ತು ಅವನಿಗೆ.

ಶಂಕರಪುರಕ್ಕೆ ಬರುವವರೆಗೆ ಬಾಪ್ಪು ಸಾಂಟಾನ ಸುದ್ದಿ ಎತ್ತಲಿಲ್ಲ. ಆಮೇಲೆಯೂ ಎತ್ತಲಿಲ್ಲ. ಕೇಕಿನ ಪೆಟ್ಟಿಗೆ ನೆಟ್ಟಗಾಯಿತು. ಹುಚ್ಚು ಇಳಿಯಿತೆಂದು ನಾನು ನೆಮ್ಮದಿಯಿಂದ ಕಾರ್ಕಳದ ನನ್ನ ಮನೆಗೆ ಹೋದೆ.

ಹತ್ತು ದಿನ ಕಳೆದು ಮಾವ್ಶಿಯ ಫೋನು ಬಂತು. “ನಿನ್ನ ಬಾಪ್ಪು ದಿನಾ ಹನ್ನೊಂದು ಗಂಟೆಗೆ ಹೊರಡ್ತಾರೆ. ಟಿಫಿನ್‌ನಲ್ಲಿ ಒಬ್ಬರಿಗಾಗುವಷ್ಟು ಅನ್ನ, ಮೀನು ಹಾಕಿಸಿಕೊಳ್ತಾರೆ. ತಾವು ಬಂದ ಮೇಲೆ ಮನೆಯಲ್ಲಿ ಊಟ ಮಾಡ್ತಾರೆ. ಯಾರಿಗೆ ಅಂತ ಕೇಳಿದರೆ, ನೀನು ಹಾಕು ಮಾರಾಯ್ತಿ, ಅಂತಾರೆ. ಒಮ್ಮೆ ನೋಡು ಬಾಯೆ.”

ಹಬ್ಬಕ್ಕೆ ಎರಡು ದಿನ ಇರುವಾಗ, ರಜೆ ಹಾಕಿ ಮಣಿಪಾಲಕ್ಕೆ ಹೋದೆ. ಬಟ್ಟೆ ಅಂಗಡಿಯ ಎದುರು ಸಾಂಟಾ ನಿಂತಿದ್ದ. ಆದರೆ ಉಡುಪು ದೊಡ್ಡದಾಗಿ ತೋಳು ಬೆರಳವರೆಗೆ ಇಳಿದಿತ್ತು. ಗಡ್ಡದ ಮೇಲೆ ಕನ್ನಡಕ ಇತ್ತು. ಗಂಟೆಯನ್ನು ಆಡಿಸುವ ಬದಲು ಸಾಂಟಾ ಅದರ ಮೇಲೆ ಕೆತ್ತಿದ ಅಕ್ಷರಗಳನ್ನು ಓದುತ್ತಿದ್ದ. ಒಂದು ಪುಟ್ಟ ಹುಡುಗಿ ಅಂಗಿ ಎಳೆದಾಗ ಗಡಬಡಿಸಿ ಟಾಫಿ ಕೊಟ್ಟ.

ನಾನು ಎದುರಿಗೆ ಹೋಗಲಿಲ್ಲ. ಬದಿಯ ಓಣಿಯಲ್ಲಿ ಅಂಗಡಿಯ ನೆರಳಿಗೆ ಬಂದೆ. ಅಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳ ಪಕ್ಕ, ಮೆಟ್ಟಿಲ ಮೇಲೆ ಬನಿಯನ್ನಿನಲ್ಲಿ ಕೂತು ಸಂಜೀವಣ್ಣ ಊಟ ಮಾಡುತ್ತಿದ್ದರು. ಮಾವ್ಶಿಯ ಸ್ಟೀಲಿನ ಟಿಫಿನ್. ಬೂತಾಯಿ ಮೀನಿನ ಸಾರು. ನನ್ನ ಗುರುತು ಹಿಡಿದು ಏಳಲು ನೋಡಿದರು, ಕೂರಿಸಿದೆ.

“ದಿನಾ ಬರ್ತಾರೆ ಅಮ್ಮಾ. ಎರಡು ಬಸ್ಸು. ಬೇಡ ಅಂದರೆ ಕೇಳುವುದಿಲ್ಲ. ಅಂಗಿ ಬಿಚ್ಚು, ಕೂತು ಉಣ್ಣು ಅಂತಾರೆ. ಅಷ್ಟೊತ್ತು ಅವರು ಅಲ್ಲಿ ನಿಲ್ತಾರೆ. ಮ್ಯಾನೇಜರ್ ನೋಡಿಯೂ ನೋಡದ ಹಾಗೆ ಇರ್ತಾನೆ.”

ಬೂತಾಯಿಗೆ ಮುಳ್ಳು ಹೆಚ್ಚು. ತುದಿಯಿಲ್ಲದ ಬೆರಳಿನಿಂದ ಅವರು ಒಂದೊಂದೇ ಮುಳ್ಳನ್ನು ತಡವಿ ತಡವಿ ಬಿಡಿಸುತ್ತಿದ್ದರು. ನಾನು ನೋಡುತ್ತಿರುವುದು ಅವರಿಗೆ ತಿಳಿಯಿತು.

“ಇದು ಮೆಷಿನಿನಲ್ಲಿ ಹೋದದ್ದು,” ಎಂದರು, ಬೇರೆ ಯಾರದೋ ವಿಷಯ ಹೇಳುವ ಹಾಗೆ. “ಒಂದು ಮದುವೆ ಕಾಗದ. ಮದುಮಗಳ ಹೆಸರಿನಲ್ಲಿ ಎರಡು ಅಕ್ಷರ ಆಚೀಚೆ ಆಗಿತ್ತು. ಪೊರ್ಬುಲು ಜೋಡಿಸಿದ್ದು. ಮೆಷಿನ್ ಓಡುವಾಗ ಅವರಿಗೆ ಕಂಡಿತು, ನಿಲ್ಲಿಸು ಅಂತ ಬೊಬ್ಬೆ ಹಾಕಿದರು. ನಾನು ಅವಸರದಲ್ಲಿ ಕೈ ಹಾಕಿದೆ. ಅವರ ತಪ್ಪಲ್ಲ. ಆವತ್ತೂ ಹೇಳಿದ್ದೆ, ಮೊನ್ನೆಯೂ ಹೇಳಿದೆ. ಅವರು ಕೇಳಬೇಕಲ್ಲ?”

ಅಷ್ಟು ವರ್ಷಗಳಲ್ಲಿ ಬಾಪ್ಪು ಈ ಮಾತನ್ನು ನಮ್ಮಲ್ಲಿ ಯಾರಿಗೂ ಹೇಳಿರಲಿಲ್ಲ. ಮಾವ್ಶಿಗೂ ಹೇಳಿರಲಿಕ್ಕಿಲ್ಲ. ಅಕ್ಷರ ಆಚೀಚೆ ಆದರೆ ಕೇಡಾಗುತ್ತದೆ ಎಂದು ಅವರು ಪ್ರತಿ ಸಲ ಹೇಳಿದಾಗಲೂ ನಾವು ನಕ್ಕಿದ್ದೆವು.

ಬಾಪ್ಪು ಕಾಯುತ್ತಿದ್ದಾರೆಂದು ಸಂಜೀವಣ್ಣ ಬೇಗ ಬೇಗ ಉಣ್ಣಲು ನೋಡುತ್ತಿದ್ದರು. ಅಷ್ಟರಲ್ಲಿ ಗೋಡೆಯ ಮರೆಯಿಂದ ಕೆಂಪು ಟೊಪ್ಪಿ ಇಣುಕಿತು. ಗಡ್ಡ ಒಂದು ಕಿವಿಯಿಂದ ಜಾರಿ ನೇತಾಡುತ್ತಿತ್ತು. ನಾನು ಪೆಟ್ಟಿಗೆಗಳ ಹಿಂದೆ ಸರಿದು ನಿಂತೆ. ಬಾಪ್ಪು ನನ್ನನ್ನು ಕಾಣಲಿಲ್ಲ. ಅವರ ಹೊಸ ಕಣ್ಣುಗಳು ಸಂಜೀವಣ್ಣನ ಟಿಫಿನ್ನಿನ ಮೇಲಿದ್ದವು.

“ಅವಸರ ಬೇಡ ಮಾರಾಯ, ಮುಳ್ಳು ಜಾಗ್ರತೆ,” ಎಂದರು. “ನಿಧಾನ ಉಣ್ಣು. ನಾನು ನಿಂತಿದ್ದೇನಲ್ಲ.”